ಗಿಡ್ಡ ಪಿಕಪ್‌ಗೆ ಎತ್ತರದ ಆಸೆ

1998ರ ಮಾದರಿಯಾಗಿ ಟೊಯೋಟಾ ಅಮೆರಿಕದಲ್ಲಿ ಒಂದು ವಿಚಿತ್ರ ಟಕೋಮಾ ಪಿಕಪ್ ತಂದಿತು. ಹೆಸರು ಪ್ರೀರನ್ನರ್. ನಿಲುವು ಫೋರ್ ವೀಲ್ ಡ್ರೈವ್‌ನಷ್ಟೇ ಎತ್ತರ, ಆದರೆ ಎಂಜಿನ್ ತಿರುಗಿಸುವುದು ಹಿಂದಿನ ಎರಡೇ ಚಕ್ರ!

ಹಾಗಾದರೆ, ಗಿಡ್ಡ ಟೂ ವೀಲ್ ಡ್ರೈವ್ ಕೊಂಡವರ ಗತಿ?

ಗಾಡಿಯನ್ನು ಎತ್ತರಿಸಿಕೊಳ್ಳಬಹುದು. ಹಿಂಭಾಗ ಸುಲಭ. ಲೀಫ್ ಸ್ಪ್ರಿಂಗ್ ಕಟ್ಟಿಗೆ ಇನ್ನೊಂದು ಪಟ್ಟಿ ಸೇರಿಸಿದರೆ ಗಾಡಿ ಏರುತ್ತದೆ, ಸವಾರಿ ತುಸು ಗಡುಸಾಗುತ್ತದೆ. ಸ್ಪ್ರಿಂಗ್ ಆಕ್ಸಲ್ ಮೇಲೆ ಕೂತಿರುವ ಗಾಡಿಗಳಲ್ಲಿ ಅಗ್ಗದ ದಾರಿಯೆಂದರೆ ಆಕ್ಸಲ್‌ಗೂ ಸ್ಪ್ರಿಂಗ್‌ಗೂ ನಡುವೆ ಲೋಹದ ಬ್ಲಾಕ್ ಇಟ್ಟು ಉದ್ದನೆಯ ಯು-ಬೋಲ್ಟ್ ಬಿಗಿಯುವುದು. ಬ್ಲಾಕ್ ತೀರಾ ಎತ್ತರವಾದರೆ, ಆಕ್ಸಿಲರೇಟರ್ ಜೋರಾಗಿ ತುಳಿದಾಗ ಸ್ಪ್ರಿಂಗ್ ತಿರುಚಿಕೊಳ್ಳುತ್ತದೆ.

ಮಜಾ ಇರುವುದು ಮುಂಭಾಗದಲ್ಲಿ. ಕಾಯಿಲ್ ಸ್ಪ್ರಿಂಗ್ ಮೇಲೆ ಸ್ಪೇಸರ್ ಕೂರಿಸುವವರಿದ್ದಾರೆ. ಎತ್ತರ ಸಿಗುತ್ತದೆ, ನಿಜ. ಆದರೆ ಕಂಟ್ರೋಲ್ ಆರ್ಮ್‌ಗಳು ಕೆಳಕ್ಕೆ ಬಾಗಿ ಬಾಲ್ ಜಾಯಿಂಟ್ ಬೇಗ ಸವೆಯುತ್ತದೆ.

ಜಾಣರು ಆರಿಸುವುದು ಲಿಫ್ಟ್ ಸ್ಪಿಂಡಲ್. ಚಕ್ರ ಕೂರುವ ಅಚ್ಚಿನ ಜಾಗವನ್ನೇ ಇದರಲ್ಲಿ ಕೆಳಗಿಳಿಸಿರುತ್ತಾರೆ. ಸ್ಪ್ರಿಂಗ್ ಮುಟ್ಟಬೇಕಿಲ್ಲ, ಆರ್ಮ್‌ಗಳ ಕೋನವೂ ಹಾಗೇ ಉಳಿಯುತ್ತದೆ. ಮುಂಚಕ್ರಕ್ಕೆ ಡ್ರೈವ್ ಶಾಫ್ಟ್ ಇಲ್ಲದಿರುವುದರಿಂದಲೇ ಇದು ಸಾಧ್ಯ. ಕೊರತೆಯೇ ಇಲ್ಲಿ ಅನುಕೂಲ!

ಬಾಡಿ ಲಿಫ್ಟ್? ಚಾಸಿಗೂ ಬಾಡಿಗೂ ನಡುವೆ ಬಿಲ್ಲೆ, ಅಷ್ಟೇ. ಸಸ್ಪೆನ್ಷನ್ ಇದ್ದಲ್ಲೇ ಇರುತ್ತದೆ.

ಸಸ್ಪೆನ್ಷನ್ ಹೇಗೇ ಬದಲಿಸಿದರೂ ವೀಲ್ ಅಲೈನ್‌ಮೆಂಟ್ ಬಿಡುವಂತಿಲ್ಲ. ಬಿಟ್ಟರೆ ಟೈರ್ ಒಂದೇ ಬದಿ ಸವೆಯುತ್ತದೆ. ತಿರುವಿನಲ್ಲಿ ಎತ್ತರದ ಗಾಡಿ ಹೆಚ್ಚು ವಾಲುತ್ತದೆ ಕೂಡ.

ನಮ್ಮಲ್ಲಿ ಈ ಆಸೆ ಇರುವವರು ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ. ಕಂಪನಿಯ ಮೂಲ ವಿವರಗಳಿಗೆ ಹೊಂದದ ಮಾರ್ಪಾಡನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಒಪ್ಪುವುದಿಲ್ಲ.