ಜ್ವರ ಇಳಿಯದ ಮಗುವಿಗೆ ಮತ್ತೊಂದು ಪರೀಕ್ಷೆ ಯಾಕೆ?



ಈ ವರದಿಯ ಲೆಕ್ಕಪತ್ರದಲ್ಲಿ ವೈದ್ಯಕೀಯ ನೆರವಿನ ಕೆಳಗೆ 'ಪರೀಕ್ಷೆ ಮತ್ತು ಸ್ಕ್ಯಾನ್' ಎಂಬ ಸಾಲನ್ನು ನೀವು ಗಮನಿಸಿರಬಹುದು. ಝಕಾತಿನ ಹಣ ಔಷಧಿಗೆ ಹೋದರೆ ಸರಿ, ಸ್ಕ್ಯಾನಿಗೆ ಯಾಕೆ ಹೋಗಬೇಕು ಎಂದು ಕೆಲವು ದಾನಿಗಳು ಕೇಳಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಅತ್ತ ಮಕ್ಕಳ ಮನೆಯವರೂ ನಮ್ಮ ಮುಂದೆ ಹೆಚ್ಚುಕಡಿಮೆ ಅದೇ ಮಾತು ಹೇಳುತ್ತಾರೆ: "ಬ್ಲಡ್ ಕ್ಯಾನ್ಸರ್ ಅಂತ ಗೊತ್ತಾಗಿದೆ, ಚಿಕಿತ್ಸೆಯೂ ನಡೀತಿದೆ. ಈಗ ಇನ್ನೇನು ಹುಡುಕ್ತಾರೆ ಸಾರ್?" ಇಬ್ಬರಿಗೂ ಒಟ್ಟಿಗೆ ಉತ್ತರ ಕೊಡಲು ಈ ಬರಹ. ನಾವು ವೈದ್ಯರಲ್ಲ. ವೈದ್ಯರು ತಾಳ್ಮೆಯಿಂದ ಹೇಳಿದ್ದನ್ನು ತರಗತಿಯಲ್ಲಿ ಹೇಳುವ ಹಾಗೆ ಇಲ್ಲಿ ಹೇಳುತ್ತಿದ್ದೇವೆ.

ಹುಡುಕುತ್ತಿರುವುದು ಫಂಗಸ್. ಪಠ್ಯಪುಸ್ತಕದಲ್ಲಿ ಅದು ಶಿಲೀಂಧ್ರ, ಅಡುಗೆಮನೆಯಲ್ಲಿ ಬೂಷ್ಟು. ಹಳೆಯ ಬ್ರೆಡ್ಡಿನ ಮೇಲೆ, ಮಳೆಗಾಲದ ಒದ್ದೆ ಗೋಡೆಯ ಮೇಲೆ, ಹುಲ್ಲಿನ ಬಣವೆಯಲ್ಲಿ ಬೆಳೆಯುವುದು ಇದೇ ಜಾತಿ. ಅದರ ಬೀಜಕಣಗಳು ಗಾಳಿಯಲ್ಲಿ ಸದಾ ಇರುತ್ತವೆ, ನಾವೆಲ್ಲರೂ ದಿನವೂ ಉಸಿರಿನ ಜೊತೆ ಒಳಗೆ ಎಳೆದುಕೊಳ್ಳುತ್ತೇವೆ. ನಮಗೆ ಏನೂ ಆಗುವುದಿಲ್ಲ, ಏಕೆಂದರೆ ಬಿಳಿ ರಕ್ತಕಣಗಳು, ಅದರಲ್ಲೂ ನ್ಯೂಟ್ರೋಫಿಲ್ ಎಂಬ ಕಣಗಳು, ಅವನ್ನು ಅಲ್ಲಿಯೇ ಮುಗಿಸುತ್ತವೆ. ರಕ್ತದ ಕ್ಯಾನ್ಸರ್ ಇರುವ ಮಗುವಿನಲ್ಲಿ ಕಾಯಿಲೆಯಿಂದಲೋ ಕಿಮೋಥೆರಪಿಯಿಂದಲೋ ಈ ಕಾವಲುಗಾರರು ಇಲ್ಲವಾಗುತ್ತಾರೆ. ರಿಪೋರ್ಟಿನಲ್ಲಿ ಎ.ಎನ್.ಸಿ. ಎಂದು ಬರೆದಿರುವ ಸಂಖ್ಯೆ 500ಕ್ಕಿಂತ ಕೆಳಗಿಳಿದರೆ ಅಪಾಯದ ಕಾಲ. ಹತ್ತು ದಿನಕ್ಕಿಂತ ಹೆಚ್ಚು ಹಾಗೆಯೇ ಉಳಿದರೆ ಫಂಗಸ್‌ನ ಭಯ ಬಹಳ ಹೆಚ್ಚು. ರಕ್ತವೇ ಸರಿಯಾಗಿ ಉತ್ಪತ್ತಿಯಾಗದ ಅಪ್ಲಾಸ್ಟಿಕ್ ಅನೀಮಿಯಾ ಮಕ್ಕಳಿಗೂ ಇದೇ ಮಾತು.

ಇಂಥ ಮಗುವಿಗೆ ಜ್ವರ ಬಂದರೆ ಮೊದಲು ಬ್ಯಾಕ್ಟೀರಿಯಾದ ಸೋಂಕೆಂದು ಭಾವಿಸಿ, ಆಸ್ಪತ್ರೆಗೆ ಬಂದ ಒಂದು ಗಂಟೆಯೊಳಗೆ ಆ್ಯಂಟಿಬಯೋಟಿಕ್ ಶುರುಮಾಡಬೇಕು ಎಂಬುದು ವೈದ್ಯರ ಗುರಿ. ನಾಲ್ಕು ದಿನ, ಅಂದರೆ 96 ಗಂಟೆ ಕಳೆದರೂ ಜ್ವರ ಇಳಿಯದಿದ್ದರೆ, ಫಂಗಸ್‌ನ ಅಪಾಯ ಹೆಚ್ಚಿರುವ ಮಕ್ಕಳಲ್ಲಿ ಅದರ ಹುಡುಕಾಟ ಶುರುವಾಗುತ್ತದೆ. ಸ್ಕ್ಯಾನಿನ ಚೀಟಿ ಮನೆಯವರ ಕೈಗೆ ಬರುವುದು ಆ ಹೊತ್ತಿಗೆ.

ಮಲೇರಿಯಾಕ್ಕೆ ಒಂದು ತೊಟ್ಟು ರಕ್ತ ನೋಡಿ 'ಇದೆ' ಅಥವಾ 'ಇಲ್ಲ' ಎನ್ನಬಹುದು. ಫಂಗಸ್‌ಗೆ ಅಂಥ ಒಂದೇ ಪರೀಕ್ಷೆ ಇಲ್ಲ ಎಂಬುದೇ ಎಲ್ಲ ಗೊಂದಲದ ಮೂಲ. ರಕ್ತವನ್ನು ಬಾಟಲಿಯಲ್ಲಿಟ್ಟು ಏನು ಬೆಳೆಯುತ್ತದೆ ಎಂದು ನೋಡುವ ಕಲ್ಚರ್, ಕ್ಯಾಂಡಿಡಾ ಎಂಬ ಫಂಗಸ್ ದೇಹದೊಳಗೆ ಹಬ್ಬಿದ್ದರೂ ಸುಮಾರು ಅರ್ಧದಷ್ಟು ಸಂದರ್ಭಗಳಲ್ಲಿ ಮಾತ್ರ ಹಿಡಿಯುತ್ತದೆ. ಶ್ವಾಸಕೋಶಕ್ಕೆ ಇಳಿಯುವ ಆಸ್ಪರ್ಜಿಲ್ಲಸ್ ಅಂತೂ ರಕ್ತದ ಕಲ್ಚರಿನಲ್ಲಿ ಸಿಗುವುದೇ ಅಪರೂಪ. (1729ರಲ್ಲಿ ಅದಕ್ಕೆ ಈ ಹೆಸರಿಟ್ಟವರು ಮಿಕೇಲಿ ಎಂಬ ಇಟಲಿಯ ಪಾದ್ರಿ. ಸೂಕ್ಷ್ಮದರ್ಶಕದಲ್ಲಿ ಅದು ಚರ್ಚಿನಲ್ಲಿ ತೀರ್ಥ ಚಿಮುಕಿಸುವ ಸಾಧನದಂತೆ ಕಂಡಿತಂತೆ.) ಎದೆಯ ಎಕ್ಸ್‌ರೇಯಲ್ಲಿ ಶುರುವಿನ ಗಂಟುಗಳು ಕಾಣದೆ ಹೋಗಬಹುದು, ಅದಕ್ಕಾಗಿಯೇ ಸಿ.ಟಿ. ಸ್ಕ್ಯಾನ್. ಅಲ್ಲಿಯೂ ದೊಡ್ಡವರಲ್ಲಿ ಕಾಣುವ ಗುರುತು, ಗಂಟಿನ ಸುತ್ತ ಚಂದ್ರನ ಪರಿವೇಷದಂತಹ ಮಸುಕು ವರ್ತುಲ, ಚಿಕ್ಕ ಮಕ್ಕಳಲ್ಲಿ ಅನೇಕ ಸಲ ಇರುವುದಿಲ್ಲ. ಬರಿಯ ಗಂಟುಗಳು ಕಾಣುತ್ತವೆ. ಅವು ಫಂಗಸ್ಸೇ ಆಗಬೇಕೆಂದಿಲ್ಲ, ಬೇರೆ ಸೋಂಕೂ ಇರಬಹುದು.

ಗ್ಯಾಲಕ್ಟೋಮನ್ನನ್ ಎಂಬ ಇನ್ನೊಂದು ಪರೀಕ್ಷೆಯಿದೆ. ಆಸ್ಪರ್ಜಿಲ್ಲಸ್‌ನ ಹೊರಗೋಡೆಯಿಂದ ಉದುರುವ ಸಕ್ಕರೆಯ ತುಣುಕನ್ನು ಅದು ರಕ್ತದಲ್ಲಿ ಹುಡುಕುತ್ತದೆ. ಮಗು ಮೊದಲೇ ಫಂಗಸ್ ಔಷಧಿ ತೆಗೆದುಕೊಳ್ಳುತ್ತಿದ್ದರೆ ಸೋಂಕಿದ್ದೂ ಅದು 'ಇಲ್ಲ' ಎನ್ನಬಹುದು. ಸೋಂಕಿಲ್ಲದೆಯೂ ಕೆಲವೊಮ್ಮೆ 'ಇದೆ' ಎನ್ನುತ್ತದೆ. ಹೀಗಾಗಿ ಮಕ್ಕಳ ವಿಷಯದಲ್ಲಿ ರಕ್ತದ ಈ ಪರೀಕ್ಷೆಯೊಂದನ್ನೇ ನಂಬಿ ಯಾವ ವೈದ್ಯರೂ ತೀರ್ಮಾನಕ್ಕೆ ಬರುವುದಿಲ್ಲ. ಅನುಮಾನ ಉಳಿದರೆ ತೆಳು ನಳಿಕೆಯನ್ನು ಶ್ವಾಸಕೋಶಕ್ಕೆ ಇಳಿಸಿ, ಸ್ವಲ್ಪ ಸಲೈನ್ ಬಿಟ್ಟು, ತೊಳೆದ ನೀರನ್ನು ವಾಪಸ್ ಎಳೆದು ಅದನ್ನು ಪರೀಕ್ಷಿಸುತ್ತಾರೆ. ಕೊನೆಯದು ಬಯಾಪ್ಸಿ: ಸೋಂಕು ತಗುಲಿದ ಜಾಗದ ಚೂರನ್ನೇ ತೆಗೆದು ಸೂಕ್ಷ್ಮದರ್ಶಕದಡಿ ನೋಡುವುದು. ಹೆಚ್ಚು ಖಾತರಿಯ ದಾರಿ ಅದು. ಆದರೆ ಈ ಮಕ್ಕಳಲ್ಲಿ ಪ್ಲೇಟ್‌ಲೆಟ್ ಕಡಿಮೆ, ಸೂಜಿ ಚುಚ್ಚಿದರೆ ರಕ್ತ ನಿಲ್ಲದಿರಬಹುದು. ಮೊದಲು ಪ್ಲೇಟ್‌ಲೆಟ್ ಕೊಡಿಸಿ ಆಮೇಲೆ ಮಾಡಬೇಕು. ನಮ್ಮ ರಕ್ತದಾನಿ ಯುವಕರಿಗೆ ಮಧ್ಯರಾತ್ರಿ ಫೋನ್ ಹೋಗುವುದಕ್ಕೆ ಇದೂ ಒಂದು ಕಾರಣ.

ಆದ್ದರಿಂದ ವೈದ್ಯರು ಮೂರು ಮೆಟ್ಟಿಲುಗಳಲ್ಲಿ ಮಾತನಾಡುತ್ತಾರೆ: ಇರಬಹುದು, ಬಹುತೇಕ ಇದೆ, ಖಚಿತವಾಗಿ ಇದೆ. ಯುರೋಪ್ ಮತ್ತು ಅಮೆರಿಕದ ತಜ್ಞರು ಸಂಶೋಧನೆಗೆಂದು 2002ರಲ್ಲಿ ಪ್ರಕಟಿಸಿದ ವಿಂಗಡಣೆ ಇದು, ನಂತರ ತಿದ್ದುಪಡಿಯೂ ಆಗಿದೆ. ಹಾಸಿಗೆಯ ಪಕ್ಕ ನಿಂತ ತಾಯಿಗೆ 'ಇರಬಹುದು' ಎಂಬ ಉತ್ತರ ಸಾಕಾಗುವುದಿಲ್ಲ, ನಿಜ. ವೈದ್ಯರಿಗೇ ಗೊತ್ತಿಲ್ಲ ಎಂದು ಮನೆಯವರು ತಿಳಿಯುತ್ತಾರೆ. ಗೊತ್ತಿರುವಷ್ಟನ್ನೇ ಹೇಳುವುದು ಪ್ರಾಮಾಣಿಕತೆ ಎಂದು ನಾವು ಅವರಿಗೆ ಸಮಾಧಾನ ಹೇಳುತ್ತೇವೆ.

ಕಳೆದ ವರ್ಷ ನಮ್ಮ ನೆರವು ಪಡೆದ ಆರನೇ ತರಗತಿಯ ಹುಡುಗಿಯೊಬ್ಬಳ ತಂದೆ ಹೀಗೆಯೇ ರೇಗಿದ್ದರು. ಸಿ.ಟಿ.ಯಲ್ಲಿ ಗಂಟುಗಳಿವೆ, ರಕ್ತದ ಪರೀಕ್ಷೆ 'ಇಲ್ಲ' ಎಂದಿದೆ, ಈಗ ನಳಿಕೆ ಹಾಕಬೇಕಂತೆ, ಮಗುವಿಗೆ ಇನ್ನೆಷ್ಟು ಹಿಂಸೆ ಎಂದರು. ಒಂದು ದಿನ ಸಹಿ ಹಾಕಲಿಲ್ಲ. ಮರುದಿನ ಅವರ ಅತ್ತೆಯೇ ಒಪ್ಪಿಸಿದರು. ಶ್ವಾಸಕೋಶ ತೊಳೆದ ನೀರಿನಲ್ಲಿ ಆಸ್ಪರ್ಜಿಲ್ಲಸ್ ಸಿಕ್ಕಿತು, ಔಷಧಿ ಗೊತ್ತಾಯಿತು. ಕಿಮೋ ಮೂರು ವಾರ ತಡವಾಗಿ ಮುಂದುವರಿಯಿತು. ಆ ತಡದ ಬಗ್ಗೆಯೂ ವೈದ್ಯರಿಗೆ ಚಿಂತೆ ಇರುತ್ತದೆ, ಏಕೆಂದರೆ ಕಿಮೋ ನಿಂತಷ್ಟು ಕಾಲ ಮೂಲ ಕಾಯಿಲೆಗೆ ಬಿಡುವು ಸಿಕ್ಕಂತೆ. ಹುಡುಗಿ ಈಗಲೂ ಚಿಕಿತ್ಸೆಯಲ್ಲಿದ್ದಾಳೆ.

ಪರೀಕ್ಷೆಯ ಗೋಜಿಲ್ಲದೆ ನೇರವಾಗಿ ಔಷಧಿ ಕೊಟ್ಟುಬಿಡಬಾರದೇ? ಅಪಾಯ ಹೆಚ್ಚಿರುವ ಮಗುವಿಗೆ ಪರೀಕ್ಷೆ ನಡೆಯುತ್ತಿರುವಾಗಲೇ ಔಷಧಿ ಶುರುಮಾಡುವುದೂ ಉಂಟು. ಆದರೆ ಫಂಗಸ್ ಒಂದೇ ಅಲ್ಲ. ಕ್ಯಾಂಡಿಡಾಕ್ಕೆ ಕೊಡುವ ಫ್ಲೂಕೊನಜೋಲ್ ಆಸ್ಪರ್ಜಿಲ್ಲಸ್‌ಗೆ ತಾಗುವುದಿಲ್ಲ. ಆಸ್ಪರ್ಜಿಲ್ಲಸ್‌ಗೆ ಕೊಡುವ ವೊರಿಕೊನಜೋಲ್, 2021ರಲ್ಲಿ ಎಲ್ಲರ ಬಾಯಲ್ಲಿ ಬ್ಲ್ಯಾಕ್ ಫಂಗಸ್ ಎನಿಸಿಕೊಂಡ ಮ್ಯೂಕರ್‌ಗೆ ಕೆಲಸ ಮಾಡುವುದಿಲ್ಲ. ಮ್ಯೂಕರ್ ಅನ್ನು ಗ್ಯಾಲಕ್ಟೋಮನ್ನನ್ ಪರೀಕ್ಷೆಯೂ ಹಿಡಿಯದು. ಅದಕ್ಕೆ ಆಂಫೊಟೆರಿಸಿನ್ ಬೇಕು. ಅದರ ಹಳೆಯ ಬಗೆ ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತದೆ, ಪೊಟ್ಯಾಸಿಯಂ ಇಳಿಸುತ್ತದೆ. ಪೆಟ್ಟು ಕಡಿಮೆಯಿರುವ ಲೈಪೋಸೋಮಲ್ ಬಗೆಯ ಬೆಲೆ ಹಲವು ಪಟ್ಟು ಜಾಸ್ತಿ. ಯಾವ ಫಂಗಸ್ ಎಂದು ತಿಳಿಯದೆ ವಾರಗಟ್ಟಲೆ ದುಬಾರಿ ಔಷಧಿ ಕೊಡಿಸುವುದಕ್ಕಿಂತ, ಮೊದಲೇ ಒಂದು ಸ್ಕ್ಯಾನಿಗೆ ಹಣ ಕೊಡುವುದು ದಾನದ ಹಣಕ್ಕೂ ನ್ಯಾಯ ಎಂಬುದು ಸಮಿತಿಯ ಅಭಿಪ್ರಾಯ. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಮೊದಲು ಅದನ್ನು ಬಳಸಿ ಎನ್ನುತ್ತೇವೆ. ಹೊರಗಿನ ಲ್ಯಾಬಿಗೆ ಕೈಯಿಂದ ಕಟ್ಟಿದ ಬಿಲ್ಲುಗಳಿಗೆ ನಿಮ್ಮ ಹಣ ಹೋಗಿದೆ.

ಥಲಸ್ಸೀಮಿಯಾ ಮಕ್ಕಳ ಮನೆಯವರಿಗೆ ಒಂದು ಮಾತು. ಕಬ್ಬಿಣದ ಅಂಶ ಇಳಿಸಲು ಡೆಸ್ಫೆರಾಲ್ ಚುಚ್ಚುಮದ್ದು ಪಡೆಯುವವರಲ್ಲಿ ಮ್ಯೂಕರ್‌ನ ಅಪಾಯ ಸ್ವಲ್ಪ ಹೆಚ್ಚು. ನೀವಾಗಿಯೇ ಮದ್ದು ನಿಲ್ಲಿಸಬೇಡಿ. ಮುಖದ ಒಂದು ಬದಿ ನೋವು ಅಥವಾ ಊತ, ಮೂಗಿನಲ್ಲಿ ಅಥವಾ ಅಂಗುಳಿನಲ್ಲಿ ಕಪ್ಪು ಕಲೆ ಕಂಡರೆ ಅದೇ ದಿನ ತೋರಿಸಿ.

ಕಿಮೋ ನಡೆಯುತ್ತಿರುವ ಮಗುವಿಗೆ ಜ್ವರ 101 ಡಿಗ್ರಿ ಮುಟ್ಟಿದರೆ, ಅಥವಾ 100.4 ಒಂದು ಗಂಟೆ ನಿಂತರೆ, ರಾತ್ರಿಯಾದರೂ ಹೊರಡಿ. ಪ್ಯಾರಾಸಿಟಮಾಲ್ ಕೊಟ್ಟು ಬೆಳಗಿನವರೆಗೆ ಕಾಯಬೇಡಿ. ಮಗುವಿನ ಕೋಣೆಯಲ್ಲಿ ಹಳೆಯ ಚಾಪೆ ಕೊಡಹುವುದು, ಗೋಡೆ ಕೆರೆಯುವುದು ಬೇಡ, ಮನೆ ರಿಪೇರಿ ಮುಂದೂಡಿ. ದುಆ ಓದಿ ದಮ್ ಮಾಡಿಸಿದ ನೀರು ಕುಡಿಸುವುದಿದ್ದರೆ ಕಾಯಿಸಿ ಆರಿಸಿದ ನೀರನ್ನೇ ಮುಚ್ಚಿದ ಪಾತ್ರೆಯಲ್ಲಿ ಕೊಂಡೊಯ್ಯಿರಿ, ತಂದ ಮೇಲೆ ಮತ್ತೊಮ್ಮೆ ಕಾಯಿಸಿ. ನಮ್ಮ ಮಸೀದಿಯ ಇಮಾಮ್ ಸಾಹೇಬರೂ ಇದನ್ನೇ ಹೇಳುತ್ತಾರೆ.

ಮುಂದಿನ ಪುಟದ ವಿದ್ಯಾರ್ಥಿವೇತನ ಪ್ರಕಟಣೆಯಲ್ಲಿ ಶೇ. 75 ಹಾಜರಾತಿಯ ನಿಯಮ ಇದೆ. ಚಿಕಿತ್ಸೆಯಲ್ಲಿರುವ ಮಕ್ಕಳಿಗೆ ಅದು ಅನ್ವಯಿಸುವುದಿಲ್ಲ. ಅರ್ಜಿಯ ಜೊತೆ ಆಸ್ಪತ್ರೆಯ ಫೈಲಿನ ಮೊದಲ ಪುಟದ ಜೆರಾಕ್ಸ್ ಮತ್ತು ಮುಖ್ಯೋಪಾಧ್ಯಾಯರ ಪತ್ರ ಲಗತ್ತಿಸಿ. ಆಸ್ಪತ್ರೆಯಲ್ಲಿದ್ದು ಕೊನೆಯ ದಿನಾಂಕದೊಳಗೆ ಬರಲಾಗದಿದ್ದರೆ ಮನೆಯವರಲ್ಲಿ ಯಾರಾದರೊಬ್ಬರು ಕಚೇರಿಗೆ ಒಂದು ಫೋನ್ ಮಾಡಿ ಹೆಸರು ಬರೆಸಿದರೆ ಸಾಕು, ಕಾಗದಗಳನ್ನು ಆಮೇಲೆ ತೆಗೆದುಕೊಳ್ಳುತ್ತೇವೆ.