ಗಾಲಿಯ ಮೇಲಿನ ಮನೆಯೂ ಅದರ ಭಾರವೂ

ಮನೆಯೆಂದರೆ ನೆಲವನ್ನು ಕಚ್ಚಿಕೊಂಡು ನಿಂತಿರುವ ವಸ್ತುವೆಂಬುದು ಬಹುಜನರ ಭಾವನೆ. ಆದರೆ ಬೇಸಗೆ ಬಂದಿತೆಂದರೆ ಅಮೆರಿಕದ ಹೆದ್ದಾರಿಗಳಲ್ಲಿ ಮನೆಗಳೇ ಸಾಲುಸಾಲಾಗಿ ಪ್ರಯಾಣ ಹೊರಡುತ್ತವೆ. ಮಂಚ, ಒಲೆ, ಫ್ರಿಜ್, ಸ್ನಾನದ ಕೋಣೆ, ಊಟದ ಮೇಜು ಇವೆಲ್ಲವನ್ನೂ ಒಡಲಲ್ಲಿ ಇರಿಸಿಕೊಂಡು, ಮೋಟಾರಿನ ಬೆನ್ನು ಹಿಡಿದು, ಬೆಟ್ಟವೇರಿ ಕಣಿವೆಯಿಳಿದು ಸಾಗುವ ಈ ಮನೆಗಳಿಗೆ ಕ್ಯಾಂಪರ್ ಎಂದು ಹೆಸರು. ಇಂಗ್ಲೆಂಡಿನ ಜನ ಇವುಗಳಲ್ಲಿ ಎಳೆದೊಯ್ಯುವಂಥವನ್ನು ಕ್ಯಾರವಾನ್ ಎನ್ನುತ್ತಾರೆ. ನೋಡುವ ಕಣ್ಣಿಗೆ ಇದೊಂದು ಸುಖದ ಸಾಧನ. ಆದರೆ ಆ ಸುಖವೆಲ್ಲವೂ ಒಂದೇ ಒಂದು ಲೆಕ್ಕದ ಮೇಲೆ ನಿಂತಿದೆ; ಅದು ಭಾರದ ಲೆಕ್ಕ. ಅದು ತಪ್ಪಿದಲ್ಲಿ ವಿಹಾರಕ್ಕೆಂದು ಹೊರಟ ಸಂಸಾರ ಹೆದ್ದಾರಿಯ ಮಧ್ಯೆ ಮಗುಚಿಬೀಳುವುದುಂಟು.

ಮೊದಲ ವಿಹಾರಿ

ಗಾಲಿಮನೆಯನ್ನು ವಿನೋದಕ್ಕೆಂದೇ ಕಟ್ಟಿಸಿದವರಲ್ಲಿ ಮೊದಲಿಗನೆಂದು ಹೆಸರಾದವನು ಸ್ಕಾಟ್‌ಲೆಂಡಿನ ವಿಲಿಯಂ ಗಾರ್ಡನ್ ಸ್ಟೇಬಲ್ಸ್. ನೌಕಾಪಡೆಯಲ್ಲಿ ವೈದ್ಯನಾಗಿದ್ದು, ಅನಂತರ ಹುಡುಗರಿಗಾಗಿ ಸಾಹಸದ ಕಥೆಗಳನ್ನು ಬರೆದ ಈತ 1885ರಲ್ಲಿ ಬ್ರಿಸ್ಟಲ್ ನಗರದಲ್ಲಿ ‘ವಾಂಡರರ್’ ಎಂಬ ಬಂಡಿಯನ್ನು ಮಾಡಿಸಿಕೊಂಡನು. ಸುಮಾರು ಎರಡು ಟನ್ ತೂಗುತ್ತಿದ್ದ ಆ ಬಂಡಿಯನ್ನು ಎರಡು ಕುದುರೆಗಳು ಎಳೆದವು. ಅದರಲ್ಲಿ ಕುಳಿತು ಆತ ಇಂಗ್ಲೆಂಡಿನಿಂದ ಸ್ಕಾಟ್‌ಲೆಂಡಿನ ಇನ್ವರ್‌ನೆಸ್‌ವರೆಗೆ ಹೋದನು. ಎರಡು ಜೀವಗಳು ಎರಡು ಟನ್ನನ್ನು ಬೆಟ್ಟವೇರಿಸಬೇಕಾದಾಗ ಭಾರದ ಮಹಿಮೆ ಎಂಥದೆಂದು ಒಡೆಯನಿಗೆ ತಿಳಿಯದಿರದು. ಕುದುರೆ ಬಳಲಿದರೆ ನಿಂತುಬಿಡುತ್ತದೆ. ಎಂಜಿನ್ ಹಾಗಲ್ಲ. ಶಕ್ತಿಗೆ ಮೀರಿದ್ದನ್ನೂ ಅದು ಎಳೆಯತೊಡಗುತ್ತದೆ. ತಪ್ಪು ತಿಳಿಯುವುದು ಇಳಿಜಾರಿನಲ್ಲಿ. ಇಂದಿನ ಅಪಾಯದ ಬೇರು ಇಲ್ಲಿಯೇ ಇದೆ.

ಹಲವು ಬಗೆಯ ಮನೆಗಳು

ಕ್ಯಾಂಪರುಗಳನ್ನು ಮೊದಲು ಎರಡು ಕುಲಗಳಾಗಿ ವಿಂಗಡಿಸಬೇಕು. ತನ್ನ ಎಂಜಿನ್ನನ್ನು ತಾನೇ ಹೊತ್ತು ನಡೆಯುವುದು ಒಂದು ಕುಲ. ಇನ್ನೊಂದು ವಾಹನವನ್ನು ನಂಬಿಕೊಂಡು ಸಾಗುವುದು ಮತ್ತೊಂದು.

ಮೊದಲ ಕುಲದವು ಮೋಟಾರುಮನೆಗಳು. ಅಮೆರಿಕದಲ್ಲಿ ಇವನ್ನು ಎ, ಬಿ, ಸಿ ಎಂದು ಮೂರು ವರ್ಗ ಮಾಡಿದ್ದಾರೆ. ಎ ವರ್ಗವೆಂದರೆ ಬಸ್ಸಿನಂಥ ಅರಮನೆ; ಆರೇಳು ಟನ್ನಿನಿಂದ ಹದಿಮೂರು ಟನ್ನಿನ ಆಚೆಗೂ ತೂಗುತ್ತದೆ. ಬಿ ವರ್ಗವು ವ್ಯಾನಿನ ಒಳಗನ್ನೇ ಮನೆಯಾಗಿ ಮಾರ್ಪಡಿಸಿದ್ದು. ಜರ್ಮನಿಯ ಫೋಕ್ಸ್‌ವ್ಯಾಗನ್ ವ್ಯಾನನ್ನು 1951ರಿಂದ ವೆಸ್ಟ್‌ಫಾಲಿಯಾ ಎಂಬ ಕಾರ್ಖಾನೆ ಹೀಗೆ ಮಾರ್ಪಡಿಸತೊಡಗಿ ಲೋಕಪ್ರಸಿದ್ಧವಾಯಿತು. ಸಿ ವರ್ಗವು ಇವೆರಡರ ನಡುವಿನದು. ಚಾಲಕನ ತಲೆಯ ಮೇಲೆ ಚಾಚಿಕೊಂಡಿರುವ ಮಲಗುವ ಅಟ್ಟ ಅದರ ಗುರುತು.

ಎರಡನೆಯ ಕುಲದಲ್ಲಿ ಎಲ್ಲಕ್ಕಿಂತ ಹಗುರವಾದವು ಕಣ್ಣೀರ ಹನಿಯ ಆಕಾರದ ‘ಟಿಯರ್‌ಡ್ರಾಪ್’ ಮತ್ತು ಕ್ಯಾನ್‌ವಾಸಿನ ಗೋಡೆಗಳನ್ನು ಮಡಚಿಡಬಹುದಾದ ‘ಪಾಪ್‌ಅಪ್’. ಇವು ಸಾಮಾನ್ಯವಾಗಿ 500ರಿಂದ 1,500 ಕಿಲೋಗ್ರಾಂ ಒಳಗಿನವು. ಹಗುರವಾದುದನ್ನು ಕಾರುಗಳೂ ಎಳೆಯಬಲ್ಲವು. ಗಟ್ಟಿ ಗೋಡೆಯ ಪ್ರವಾಸಿ ಟ್ರೇಲರುಗಳು ಒಂದೂವರೆ ಟನ್ನಿನಿಂದ ನಾಲ್ಕು ಟನ್ನಿನವರೆಗೆ ತೂಗುತ್ತವೆ. 1936ರಲ್ಲಿ ವಾಲಿ ಬೈಯಮ್ ಹೊರತಂದ, ವಿಮಾನದ ಮೈಯಂತೆ ಅಲ್ಯೂಮಿನಿಯಂ ಹೊದಿಕೆಯ ‘ಏರ್‌ಸ್ಟ್ರೀಮ್ ಕ್ಲಿಪ್ಪರ್’ ಈ ಜಾತಿಯದು. 1969ರಲ್ಲಿ ಚಂದ್ರನಿಂದ ಮರಳಿದ ಮೂವರು ಯಾತ್ರಿಕರನ್ನು ಸೋಂಕಿನ ಭಯದಿಂದ ಮೊದಲು ಕೂಡಿಹಾಕಿದ್ದು ಮಾರ್ಪಡಿಸಿದ ಏರ್‌ಸ್ಟ್ರೀಮ್ ಟ್ರೇಲರೊಂದರಲ್ಲಿಯೇ!

ಇನ್ನೂ ದೊಡ್ಡದು ‘ಫಿಫ್ತ್ ವ್ಹೀಲ್’, ಅಂದರೆ ಐದನೆಯ ಚಕ್ರ. ಹಳೆಯ ಕುದುರೆಗಾಡಿಗಳ ಮುಂಭಾಗವನ್ನು ತಿರುಗಿಸಲು ಅಡ್ಡಲಾಗಿ ಇರಿಸುತ್ತಿದ್ದ ಚಕ್ರದಿಂದ ಈ ಹೆಸರು ಬಂದಿತು. ಇದರ ಕೊಂಡಿ ವಾಹನದ ಬಾಲದಲ್ಲಿಲ್ಲ. ಪಿಕಪ್ ಗಾಡಿಯ ತೊಟ್ಟಿಯಲ್ಲಿ, ಹಿಂದಿನ ಅಚ್ಚಿನ ಮೇಲ್ಭಾಗದಲ್ಲಿಯೇ ಇರುತ್ತದೆ. ಆದುದರಿಂದ ಐದಾರು ಟನ್ನಿನ ಮನೆಯೂ ಹೆಚ್ಚು ಓಲಾಡದೆ ಹಿಂಬಾಲಿಸುತ್ತದೆ. ಕಡೆಯದಾಗಿ, ಎಳೆಯುವ ಗೋಜೇ ಇಲ್ಲದೆ ಪಿಕಪ್ಪಿನ ಬೆನ್ನಮೇಲೆ ಹೊರಿಸಿಬಿಡುವ ಕ್ಯಾಂಪರ್ ಒಂದುಂಟು. ಸಾಹಿತಿ ಜಾನ್ ಸ್ಟೈನ್‌ಬೆಕ್ 1960ರಲ್ಲಿ ತನ್ನ ನಾಯಿಯೊಡನೆ ಅಮೆರಿಕವನ್ನು ಸುತ್ತಿದ್ದು ಇಂಥದರಲ್ಲಿ. ಡಾನ್ ಕ್ವಿಕ್ಸೋಟನ ಬಡ ಕುದುರೆಯ ಹೆಸರನ್ನೇ ಆತ ಅದಕ್ಕೆ ಇಟ್ಟಿದ್ದನು.

ಭಾರಕ್ಕೆ ನಾಲ್ಕು ಹೆಸರು

ಕೊಳ್ಳುವವನು ಅಂಗಡಿಯಲ್ಲಿ ಮೊದಲು ಕೇಳುವುದು ಮನೆಯ ‘ಒಣತೂಕ’. ಕಾರ್ಖಾನೆಯಿಂದ ಹೊರಬಿದ್ದಾಗಿನ ಬರಿಯ ತೂಕ. ಆದರೆ ಒಣಮನೆಯಲ್ಲಿ ಯಾರೂ ಬಾಳಲಾರರು. ನೀರು, ಅನಿಲದ ಸಿಲಿಂಡರು, ಪಾತ್ರೆ, ಹಾಸಿಗೆ, ಬಟ್ಟೆ, ದಿನಸಿ ಎಲ್ಲವೂ ಸೇರಬೇಕು. ಲೀಟರು ನೀರು ಒಂದು ಕಿಲೋಗ್ರಾಂ. 150 ಲೀಟರಿನ ತೊಟ್ಟಿ ತುಂಬಿತೆಂದರೆ ಇಬ್ಬರು ದಢೂತಿ ಅತಿಥಿಗಳು ಒಳಗೆ ಬಂದಂತೆಯೇ. ಹೀಗೆ ಎಲ್ಲವೂ ತುಂಬಿದ ಮೇಲೆ ಮನೆಯ ಅಚ್ಚು, ಟೈರುಗಳು ತಾಳಬಲ್ಲ ಪರಮಾವಧಿ ಎರಡನೆಯ ತೂಕ. ಇವೆರಡರ ಅಂತರವೇ ಸಾಮಾನು ತುಂಬಲು ಉಳಿದಿರುವ ಅವಕಾಶ. ಎಳೆಯುವ ವಾಹನವೂ ಮನೆಯೂ ಕೂಡಿ ಮೀರಬಾರದ ಒಟ್ಟು ತೂಕ ಮೂರನೆಯದು. ನಾಲ್ಕನೆಯದು, ಎಳೆಯುವ ವಾಹನ ತನ್ನ ಮೈಮೇಲೆ ಹೊರಬಲ್ಲ ಭಾರ. ಜನ ಮರೆಯುವುದು ಈ ನಾಲ್ಕನೆಯದನ್ನು.

ಒಂದು ಉದಾಹರಣೆಯನ್ನು ನೋಡಬಹುದು. ಪಿಕಪ್ ಒಂದರ ಎಳೆಯುವ ಶಕ್ತಿ 4,500 ಕಿಲೋಗ್ರಾಂ ಎಂದು ಜಾಹೀರಾತು ಹೇಳುತ್ತದೆ. ಕೊಂಡವನ ಟ್ರೇಲರು ಸಾಮಾನು ಸಹಿತ 3,200 ಕಿಲೋಗ್ರಾಂ ಮಾತ್ರ. ಅವನು ನಿಶ್ಚಿಂತನಾಗಿದ್ದಾನೆ. ಆದರೆ ಆ ಮನೆ ತನ್ನ ತೂಕದ ಶೇಕಡ 12ರಷ್ಟನ್ನು, ಎಂದರೆ 384 ಕಿಲೋಗ್ರಾಂಗಳನ್ನು, ಕೊಂಡಿಯ ಮೂಲಕ ಪಿಕಪ್ಪಿನ ಮೇಲೆ ಊರುತ್ತದೆ. ದಂಪತಿಗಳು, ಇಬ್ಬರು ಬೆಳೆದ ಮಕ್ಕಳು ಸೇರಿ 280. ಕೊಂಡಿಯ ಉಪಕರಣ 45. ಒಟ್ಟು 709. ಪಿಕಪ್ಪಿನ ಬಾಗಿಲ ಚೌಕಟ್ಟಿಗೆ ಅಂಟಿಸಿದ ಚೀಟಿಯಲ್ಲಿ ಹೊರುವ ಮಿತಿ 650 ಎಂದಿದ್ದರೆ, ಎಳೆಯಬಲ್ಲ ವಾಹನವೇ ಹೊರಲಾರದೆ ಕುಸಿಯುತ್ತದೆ. ಹಿಂಭಾಗ ತಗ್ಗಿ ಮುಂಭಾಗ ಎದ್ದಾಗ ಸ್ಟಿಯರಿಂಗಿನ ಹಿಡಿತ ಸಡಿಲವಾಗುವುದು ಸಹಜ.

ಮೂಕಿಯ ನ್ಯಾಯ

ಹಾಗಾದರೆ ಕೊಂಡಿಯ ಮೇಲೆ ಭಾರವೇ ಬೀಳದಂತೆ ಸಾಮಾನನ್ನೆಲ್ಲ ಹಿಂದಕ್ಕೆ ತುಂಬಬಹುದಲ್ಲವೆ? ಇದಕ್ಕೆ ಉತ್ತರ ನಮ್ಮ ಗಾಡಿ ಹೊಡೆಯುವ ರೈತನಿಗೆ ಗೊತ್ತು. ಹಿಂಭಾರವಾದರೆ ಮೂಕಿ ಮೇಲೆದ್ದು ಎತ್ತಿನ ಕೊರಳು ಬಿಗಿಯುತ್ತದೆ. ಮುಂಭಾರ ಮಿತಿಮೀರಿದರೆ ನೊಗ ಹೆಗಲನ್ನು ಜಜ್ಜುತ್ತದೆ. ಟ್ರೇಲರಿಗೂ ಇದೇ ನ್ಯಾಯ. ಅಮೆರಿಕದಲ್ಲಿ ಟ್ರೇಲರಿನ ತೂಕದ ಶೇಕಡ 10ರಿಂದ 15, ಫಿಫ್ತ್ ವ್ಹೀಲಿನಲ್ಲಾದರೆ 15ರಿಂದ 25ರಷ್ಟು ಮೂಕಿಯ ಮೇಲಿರಬೇಕೆಂಬುದು ರೂಢಿಯ ಸೂತ್ರ. ಅದಕ್ಕಾಗಿ ಸಾಮಾನಿನ ಶೇಕಡ 60ನ್ನು ಅಚ್ಚಿನ ಮುಂದೆ ಇಡಬೇಕೆಂದು ಹೇಳುತ್ತಾರೆ.

ಮೂಕಿ ಹಗುರವಾದ ಟ್ರೇಲರು ವೇಗ ಏರಿದಂತೆ ಲೋಲಕದ ಹಾಗೆ ಅತ್ತಿತ್ತ ಓಲಾಡತೊಡಗುತ್ತದೆ. ಒಂದು ವೇಗದವರೆಗೆ ಆ ಓಲಾಟ ತಾನಾಗಿ ಅಡಗುವುದು. ಅದನ್ನು ದಾಟಿದರೆ ಪ್ರತಿ ತೊನೆತವೂ ಹಿಂದಿನದಕ್ಕಿಂತ ದೊಡ್ಡದಾಗುತ್ತ ಹೋಗುತ್ತದೆ. ಪಕ್ಕದಲ್ಲಿ ಹಾದುಹೋದ ಲಾರಿಯ ಗಾಳಿಯೊಂದು ಸಾಕು, ಇದು ಆರಂಭವಾಗಲು. ಗಾಬರಿಯಾದ ಚಾಲಕ ಬ್ರೇಕನ್ನು ಬಲವಾಗಿ ತುಳಿಯುತ್ತಾನೆ. ಕಾರು ತಡೆಯಲ್ಪಡುತ್ತದೆ, ಹಿಂದಿನ ಮನೆ ಮುನ್ನುಗ್ಗುತ್ತದೆ, ಎರಡೂ ಚಾಕುವಿನಂತೆ ಮಡಚಿಕೊಳ್ಳುತ್ತವೆ. ಸರಿಯಾದ ಕ್ರಮವೆಂದರೆ ವೇಗವರ್ಧಕದಿಂದ ಕಾಲು ತೆಗೆದು, ಸ್ಟಿಯರಿಂಗನ್ನು ನೇರವಾಗಿ ಹಿಡಿದು, ಕೈಯಳತೆಯ ಗುಂಡಿಯಿಂದ ಟ್ರೇಲರಿನ ಬ್ರೇಕನ್ನು ಮಾತ್ರ ಹಾಕುವುದು. ಅಮೆರಿಕದ ಅನೇಕ ರಾಜ್ಯಗಳು ಸುಮಾರು 1,360 ಕಿಲೋಗ್ರಾಂ ಮೀರಿದ ಟ್ರೇಲರಿಗೂ, ಯೂರೋಪಿನ ದೇಶಗಳು 750 ಮೀರಿದ್ದಕ್ಕೂ ಪ್ರತ್ಯೇಕ ಬ್ರೇಕು ಇರಲೇಬೇಕೆಂದು ವಿಧಿಸಿರುವುದು ಇದಕ್ಕಾಗಿಯೇ.

ಯೂರೋಪಿನ ಕ್ಯಾರವಾನುಗಳು ಸಾಮಾನ್ಯವಾಗಿ ಹಗುರ, ವೇಗವೂ ಕಡಿಮೆ. ಜರ್ಮನಿಯಲ್ಲಿ ಗಂಟೆಗೆ 80 ಕಿಲೋಮೀಟರು ಸಾಮಾನ್ಯ ಮಿತಿ. ವಿಶೇಷ ಅನುಮತಿ ಪಡೆದವರಿಗೆ ಮಹಾಮಾರ್ಗದಲ್ಲಿ 100. ಬ್ರಿಟನ್ನಿನಲ್ಲಿ ಹೊಸಬರಿಗೆ ಕೊಡುವ ಬುದ್ಧಿವಾದವೊಂದುಂಟು: ಮನೆಯ ತೂಕ ಕಾರಿನ ತೂಕದ ಶೇಕಡ 85ನ್ನು ಮೀರದಿರಲಿ.

ಏರುದಾರಿಯ ಪರೀಕ್ಷೆ

ಎಳೆಯುವ ಶಕ್ತಿಯನ್ನು ಹಿಂದೆ ಪ್ರತಿಯೊಬ್ಬ ತಯಾರಕನೂ ತನ್ನ ಅಳತೆಗೋಲಿನಿಂದಲೇ ಅಳೆದು ಸಾರುತ್ತಿದ್ದನು. ಈ ಗೊಂದಲ ನೀಗಲು ವಾಹನ ಎಂಜಿನಿಯರುಗಳ ಸಂಘವು ಜೆ2807 ಎಂಬ ಒಂದೇ ಮಾನಕವನ್ನು ರೂಪಿಸಿತು. 2011ರ ಮಾದರಿಗಳಲ್ಲಿ ಟೊಯೋಟಾ ಅದನ್ನು ಮೊದಲು ಅನುಸರಿಸಿತು. ಉಳಿದವರು ನಿಧಾನವಾಗಿ ಬಂದರು. ಇದರ ಪರೀಕ್ಷೆಗೆ ಆಧಾರ ಅರಿಜೋನಾದ ಡೇವಿಸ್ ಅಣೆಕಟ್ಟಿನ ಬಳಿಯ ಏರುದಾರಿ. ಸುಮಾರು 18 ಕಿಲೋಮೀಟರುಗಳ ಆ ಏರನ್ನು, ಸುಡುವ ಬಿಸಿಲಿನ ಶಾಖದಲ್ಲಿ, ಒಳಗಿನ ತಂಪುಯಂತ್ರವನ್ನೂ ಪೂರ್ತಿ ನಡೆಸುತ್ತ, ನಿಗದಿಯಾದ ವೇಗಕ್ಕೆ ಕಡಿಮೆಯಾಗದಂತೆ ಹತ್ತಬೇಕು. ಇಷ್ಟಾದರೂ ಪರೀಕ್ಷೆಯ ವಾಹನದಲ್ಲಿ ಒಂದು ಸಂಸಾರದ ಗಂಟುಮೂಟೆ ಇರುವುದಿಲ್ಲ ಎಂಬುದನ್ನು ಮರೆಯಬಾರದು. ವಿದ್ಯುತ್ ವಾಹನಗಳು ಭಾರವನ್ನು ಲೀಲೆಯಿಂದ ಎಳೆಯುತ್ತವೆ. ಆದರೆ ದೊಡ್ಡ ಟ್ರೇಲರನ್ನು ಎಳೆದಾಗ ಒಂದು ಸಲದ ಚಾರ್ಜಿಗೆ ಅವು ಕ್ರಮಿಸುವ ದೂರ ಅರ್ಧಕ್ಕೆ ಹತ್ತಿರವಾಗಿ ಇಳಿಯುತ್ತದೆ.

2008ರ ಆರ್ಥಿಕ ಕುಸಿತದ ಬಳಿಕ ಅಮೆರಿಕದಲ್ಲಿ ಮನೆ ಕಳೆದುಕೊಂಡ ಎಷ್ಟೋ ವೃದ್ಧರು ಇಂಥ ಗಾಲಿಮನೆಗಳಲ್ಲಿಯೇ ನೆಲೆಸಿ, ಕೆಲಸ ಸಿಕ್ಕಲ್ಲಿಗೆ ಹೋಗತೊಡಗಿದರು. ವಿಹಾರಕ್ಕೆ ಹೊರಟವನು ಬೇಡವಾದ ಸಾಮಾನನ್ನು ಊರಿನ ಮನೆಯಲ್ಲಿ ಇಳಿಸಿ ಬರಬಲ್ಲನು. ಇರುವ ಮನೆ ಇದೊಂದೇ ಆದವರಿಗೆ ಬದುಕೆಲ್ಲವೂ ಆ ಅಚ್ಚಿನ ಮೇಲೆಯೇ. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬ ಪ್ರಶ್ನೆ ಅವರಿಗೆ ಮಮತೆಯ ಪ್ರಶ್ನೆಯೂ ಹೌದು, ಪ್ರಾಣದ ಪ್ರಶ್ನೆಯೂ ಹೌದು.

ಉಪಾಯವೇನೋ ಸುಲಭವಾದುದೇ. ಲಾರಿಗಳು ತಂಗುವ ಅನೇಕ ನಿಲ್ದಾಣಗಳಲ್ಲಿ ವೇಬ್ರಿಡ್ಜ್ ಇರುತ್ತದೆ. ನೀರು ತುಂಬಿ, ಜನ ಕುಳಿತು, ಪ್ರಯಾಣಕ್ಕೆ ಸಿದ್ಧವಾದ ಸ್ಥಿತಿಯಲ್ಲಿಯೇ ಗಾಡಿಯನ್ನು ಅಲ್ಲಿ ಒಮ್ಮೆ ತೂಗಿಸಬೇಕು. ಒಂದೊಂದು ಅಚ್ಚಿನ ತೂಕವನ್ನೂ ಬಾಗಿಲ ಚೀಟಿಯ ಅಂಕಿಯೊಡನೆ ಹೋಲಿಸಬೇಕು. ಹೆಚ್ಚಾಗಿದ್ದರೆ ಇಳಿಸಬೇಕು. ಅಂಗಡಿಯವನ ಮಾತಿಗಿಂತಲೂ ಜಾಹೀರಾತಿನ ಅಂಕಿಗಿಂತಲೂ ಆ ತಕ್ಕಡಿಯ ಮಾತೇ ದಾರಿಗೆ ಹಿತವಾದುದು.