ಒಬ್ಬನ ತಲೆಗೆ ಕಟ್ಟಿದ ಸೋಲು

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆಯೆಳೆದರಂತೆ! ಹನ್ನೊಂದು ಮಂದಿ ಕೂಡಿ ಆಡುವ ಕಾಲ್ಚೆಂಡಿನಾಟದಲ್ಲಿಯೂ ಸೋಲಿನ ಬರೆ ಹಲವೊಮ್ಮೆ ಒಬ್ಬನ ಮೈಮೇಲೆಯೇ ಬೀಳುತ್ತದೆ. ಬ್ರೆಜಿಲಿನ ಗೋಲ್‌ಕೀಪರ್ ಮೊವಾಸಿರ್ ಬಾರ್ಬೋಸಾ ಅಂಥ ಬರೆಯನ್ನು ಐವತ್ತು ವರ್ಷ ಹೊತ್ತು ಬಾಳಿದನು.

1950ರ ಜುಲೈ 16. ರಿಯೋ ಡಿ ಜನೈರೋ ನಗರದ ಮರಕಾನಾ ಕ್ರೀಡಾಂಗಣದಲ್ಲಿ 1,70,000ಕ್ಕೂ ಮಿಕ್ಕಿ ಜನ ಕಿಕ್ಕಿರಿದಿದ್ದರು. ವಿಶ್ವಕಪ್ ಸ್ಪರ್ಧೆಯ ಕೊನೆಯ ಸುತ್ತಿನಲ್ಲಿ ಸ್ವೀಡನ್ನನ್ನು 7–1ರಿಂದಲೂ ಸ್ಪೇನನ್ನು 6–1ರಿಂದಲೂ ಬಗ್ಗುಬಡಿದಿದ್ದ ಬ್ರೆಜಿಲಿಗೆ ಉರುಗ್ವೆಯೊಡನೆ ಆಟ ಸಮವಾದರೂ ಸಾಕಿತ್ತು. ಕೂಸು ಹುಟ್ಟುವ ಮುನ್ನವೇ ಕುಲಾವಿ ಹೊಲಿದಂತೆ, ಪತ್ರಿಕೆಗಳು ಆಗಲೇ ಜಯಘೋಷ ಮಾಡಿದ್ದವು.

ಉತ್ತರಾರ್ಧದ ಆರಂಭದಲ್ಲಿಯೇ ಬ್ರೆಜಿಲಿನ ಫ್ರಿಯಾಸಾ ಗೋಲು ಹೊಡೆದನು. 66ನೆಯ ನಿಮಿಷದಲ್ಲಿ ಉರುಗ್ವೆಯ ಗಿಜ್ಜಾ ಬಲ ಅಂಚಿನಿಂದ ನುಗ್ಗಿ ಚೆಂಡನ್ನು ನಡುವಿಗೆ ದಾಟಿಸಿದನು. ಸ್ಕಿಯಾಫಿನೋ ಅದನ್ನು ಗೋಲಿಗೆ ಸೇರಿಸಿದನು. 79ನೆಯ ನಿಮಿಷದಲ್ಲಿ ಅದೇ ಗಿಜ್ಜಾ ಅದೇ ದಾರಿ ಹಿಡಿದು ಬಂದನು. ಈ ಸಲವೂ ಚೆಂಡು ನಡುವಿಗೇ ಬರುವುದೆಂದೆಣಿಸಿ ಬಾರ್ಬೋಸಾ ಗೋಲುಕಂಬದ ಬದಿಯಿಂದ ತುಸು ಸರಿದನು. ಆ ಸಂದಿಯಲ್ಲಿಯೇ ಚೆಂಡು ಒಳಹೊಕ್ಕಿತು. ಕ್ರೀಡಾಂಗಣ ಮೂಕವಾಯಿತು.

ಎಣಿಕೆ ತಪ್ಪಿತು, ನಿಜ. ಆದರೆ ಕೆಲವೇ ನಿಮಿಷಗಳ ಹಿಂದೆ ಕಣ್ಣಾರೆ ಕಂಡದ್ದನ್ನು ನಂಬಿ ಮಾಡಿದ ಎಣಿಕೆ ಅದು. ಗಿಜ್ಜಾ ಎರಡು ಬಾರಿ ತಡೆಯಿಲ್ಲದೆ ನುಗ್ಗಿದ ಹಾದಿಯನ್ನು ಕಾಯಬೇಕಾಗಿದ್ದವರು ಬೇರೆಯವರು. ಹಿಂದಿನ ಎರಡು ಪಂದ್ಯಗಳಲ್ಲಿ 13 ಗೋಲು ಹೊಡೆದಿದ್ದ ತಂಡಕ್ಕೆ ಅಂದು ದಕ್ಕಿದ್ದು ಒಂದೇ ಒಂದು. ಹತ್ತು ನಿಮಿಷಕ್ಕೂ ಹೆಚ್ಚು ಕಾಲ ಉಳಿದಿದ್ದರೂ ಬೇಕಾಗಿದ್ದ ಇನ್ನೊಂದು ಗೋಲು ಬರಲಿಲ್ಲ. ಅದಕ್ಕೂ ಗೋಲ್‌ಕೀಪರನೇ ಹೊಣೆಯೆ?

ಜನ ಈ ಲೆಕ್ಕಕ್ಕೆ ಹೋಗಲಿಲ್ಲ. ಅವರ ಕೋಪಕ್ಕೆ ಮುಖ್ಯವಾಗಿ ಗುರಿಯಾದ ಬಾರ್ಬೋಸಾ, ಬಿಗೋಡೆ, ಜುವೆನಾಲ್ ಈ ಮೂವರೂ ಕಪ್ಪು ವರ್ಣದವರೆಂಬುದು ಆಕಸ್ಮಿಕವೆನ್ನುವುದು ಕಷ್ಟ. ವಿಶ್ವಕಪ್ಪಿನಲ್ಲಿ ಮತ್ತೊಬ್ಬ ಕಪ್ಪು ವರ್ಣದವನು, ದಿದಾ, ಬ್ರೆಜಿಲಿನ ಖಾಯಂ ಗೋಲ್‌ಕೀಪರನಾದದ್ದು 2006ರಲ್ಲಿ. ತಂಡದ ಬಿಳಿಯ ಅಂಗಿಯೂ ಅಪಶಕುನವೆನಿಸಿತು; 1954ರಿಂದ ಹಳದಿ ಅಂಗಿ ಬಂದಿತು. ಅಂಗಿಯನ್ನು ಕಳಚಿ ಎಸೆಯಬಹುದು. ಬಾರ್ಬೋಸಾ ತನ್ನ ಹೆಸರನ್ನು ಎಲ್ಲಿ ಕಳಚಿಡಬೇಕು? ಎಷ್ಟೋ ವರ್ಷಗಳ ಮೇಲೆ ಅಂಗಡಿಯೊಂದರಲ್ಲಿ ತಾಯಿಯೊಬ್ಬಳು ಆತನನ್ನು ತನ್ನ ಮಗನಿಗೆ ತೋರಿಸಿ, ಇಡೀ ದೇಶವನ್ನು ಅಳಿಸಿದವನು ಇವನೇ ಎಂದಳಂತೆ. 1993ರಲ್ಲಿ ರಾಷ್ಟ್ರೀಯ ತಂಡದ ಶಿಬಿರಕ್ಕೆ ಹೋದಾಗಲೂ ಆತನಿಗೆ ಆಟಗಾರರ ಭೇಟಿ ದೊರೆಯಲಿಲ್ಲ.

ಬ್ರೆಜಿಲಿನಲ್ಲಿ ಎಂಥ ಅಪರಾಧಕ್ಕೂ ಮೂವತ್ತು ವರ್ಷಕ್ಕೆ ಮೀರಿದ ಸೆರೆಯಿಲ್ಲ, ತನಗೆ ಮಾತ್ರ ಐವತ್ತು ವರ್ಷವಾದರೂ ಬಿಡುಗಡೆಯಿಲ್ಲವೆಂದು ಕೊನೆಗಾಲದಲ್ಲಿ ಆತ ನೊಂದು ನುಡಿದನು. 2000ದ ಏಪ್ರಿಲಿನಲ್ಲಿ ತೀರಿಕೊಂಡನು.

2014ರ ಜುಲೈ 8ರಂದು ಬ್ರೆಜಿಲ್ ತನ್ನ ನೆಲದಲ್ಲಿಯೇ ಜರ್ಮನಿಗೆ 7–1ರಿಂದ ಸೋತಿತು. ಅಂದು ಹಲವರು ಬಾರ್ಬೋಸಾನನ್ನು ನೆನೆದು ಮರುಗಿದರು. ತಂಡದ ಸೋಲನ್ನು ಇಡಿಯ ತಂಡವೇ ಹೊರಬೇಕೆಂಬ ನ್ಯಾಯ ಅವರಿಗೆ ಹೊಳೆದಾಗ, ಅದನ್ನು ಕೇಳಬೇಕಾದವನು ಮಣ್ಣಾಗಿ ಹದಿನಾಲ್ಕು ವರ್ಷಗಳಾಗಿದ್ದವು.